ಕೈಯಲ್ಲಿ ಕಾಸು ನಿಲ್ಲದವರ ಪ್ರಶ್ನೆಗಳು

ದಸರಾ, ದೀಪಾವಳಿ ಮುಗಿದು ಕಾರ್ಡಿನ ಬಿಲ್ಲುಗಳು ಬರತೊಡಗಿದವೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೂ ಬದಲಾಗುತ್ತದೆ. ಈ ಸಲ ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದವುಗಳಲ್ಲಿ ಹೆಚ್ಚಿನವು ಕೊಳ್ಳುವುದನ್ನು ನಿಲ್ಲಿಸಲಾಗದೆ ಒದ್ದಾಡುತ್ತಿರುವವರದು, ಇಲ್ಲವೇ ಅವರ ಮನೆಯವರದು. ಬ್ಯಾಂಕ್ ಸಾಲದ ವ್ಯವಹಾರ ಬಲ್ಲವರೂ ಆಪ್ತಸಮಾಲೋಚಕರೂ ಕೂಡಿ ಉತ್ತರಿಸಿದ್ದಾರೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದರಿಂದ ಊರು, ಬಡಾವಣೆ ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಸಂಬಳ 32,000 ರೂಪಾಯಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲಿ ಸೀರೆ ಲೈವ್ ನೋಡುತ್ತೇನೆ. ‘ಸಿಂಗಲ್ ಪೀಸ್’ ಎಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡಿ, ದುಡ್ಡನ್ನೂ ಹಾಕಿಬಿಡುತ್ತೇನೆ. ಫಾಲ್ಸ್ ಕೂಡ ಹಾಕಿಸದ ಇಪ್ಪತ್ತಕ್ಕೂ ಹೆಚ್ಚು ಸೀರೆ ಬೀರುವಿನಲ್ಲಿವೆ. ಯಜಮಾನರಿಗೆ ಗೊತ್ತಾಗಬಾರದೆಂದು ಪಾರ್ಸೆಲ್ ಪಕ್ಕದ ಮನೆಗೆ ತರಿಸುತ್ತೇನೆ. ಇನ್ನು ಸಾಕು ಎಂದು ಎಷ್ಟು ಸಲ ಆಣೆ ಮಾಡಿಕೊಂಡರೂ ಒಂದು ವಾರ ದಾಟುವುದಿಲ್ಲ. (ಕುವೆಂಪುನಗರ, ಮೈಸೂರು)

ಉತ್ತರ: ಆಣೆ ಮಾಡುವುದನ್ನು ಮೊದಲು ಬಿಡಿ ತಾಯಿ. ಆಣೆ ಮಾಡುವುದು ಬೆಳಿಗ್ಗೆ, ತಲೆ ತಿಳಿಯಾಗಿದ್ದಾಗ. ಕೊಳ್ಳುವುದು ರಾತ್ರಿ ಹನ್ನೊಂದಕ್ಕೆ, ಮೈಮನಸ್ಸು ದಣಿದಾಗ. ಬೆಳಗಿನ ನಿರ್ಧಾರಕ್ಕೆ ರಾತ್ರಿಯ ದಣಿವಿನ ಮುಂದೆ ಬಲವಿಲ್ಲ. ಆಣೆ ಮುರಿದ ಅಪರಾಧಿ ಭಾವ ಇನ್ನೊಂದು ಸೀರೆ ಕೊಳ್ಳುವುದಕ್ಕೆ ಕಾರಣವಾಗುತ್ತದೆ, ಅಷ್ಟೇ.

ನಿಮ್ಮ ಪತ್ರದಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಫಾಲ್ಸ್ ಹಾಕಿಸದ ಸೀರೆಗಳು. ಸೀರೆಯ ಆಸೆಯೇ ಇದ್ದಿದ್ದರೆ ಅವು ಟೈಲರ್ ಹತ್ತಿರ ಹೋಗಿರುತ್ತಿದ್ದವು. ನಿಮಗೆ ಸುಖ ಕೊಡುತ್ತಿರುವುದು ಬುಕ್ ಮಾಡುವ ಆ ಹತ್ತು ನಿಮಿಷ: ‘ಇನ್ನೊಬ್ಬರಿಗೆ ಹೋಗಿಬಿಡುತ್ತದೆ’ ಎಂಬ ಆತುರ, ‘ನಿಮಗೇ ಕನ್ಫರ್ಮ್ ಮೇಡಂ’ ಎಂಬ ಉತ್ತರ. ಪಾರ್ಸೆಲ್ ಬರುವ ಹೊತ್ತಿಗೆ ಆ ಸುಖ ಮುಗಿದಿರುತ್ತದೆ. ಆದ್ದರಿಂದ ಕಟ್ಟು ಹಾಕಬೇಕಾದ್ದು ಆ ಹತ್ತು ನಿಮಿಷಕ್ಕೆ.

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ, ಬರೀ ಬರೆದಿಡಿ. ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಕೊಳ್ಳಬೇಕೆನಿಸಿದ ಪ್ರತಿ ಸಲ, ಕೊಂಡರೂ ಕೊಳ್ಳದಿದ್ದರೂ, ಒಂದು ಸಾಲು: ಎಷ್ಟು ಗಂಟೆ, ಯಾವ ವಸ್ತು, ಬೆಲೆ ಎಷ್ಟು, ಆಸೆ ಹತ್ತಕ್ಕೆ ಎಷ್ಟಿತ್ತು, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನಾಗಿತ್ತು. ಈ ಕಡೆಯ ಕಾಲಂ ಬಿಡಬೇಡಿ. ಅತ್ತೆಯವರ ಜೊತೆ ಮಾತು, ಶಾಲೆಯಲ್ಲಿ ಬೈಸಿಕೊಂಡದ್ದು, ಬರೀ ಬೇಸರ, ಸಂಬಳ ಬಂದ ದಿನ, ಏನಿದ್ದರೂ ಬರೆಯಿರಿ. ಎರಡು ವಾರ ಕಳೆದು ಓದಿದರೆ ನಿಮ್ಮ ಖರ್ಚಿನ ಬಹುಪಾಲು ಎರಡು ಮೂರು ಸಂದರ್ಭಗಳಲ್ಲೇ ಆಗುತ್ತಿದೆ ಎಂದು ಗೊತ್ತಾಗುತ್ತದೆ.

ಆಮೇಲೆ ದಾರಿ ಮುಚ್ಚುವ ಕೆಲಸ. ಇದನ್ನು ಒಂದು ಭಾನುವಾರ ಬೆಳಿಗ್ಗೆ ಕೂತು ಒಂದೇ ಸಲಕ್ಕೆ ಮುಗಿಸಿ. ದಿನಕ್ಕೊಂದು ಎಂದರೆ ಮುಗಿಯುವುದಿಲ್ಲ. ಸೀರೆ ಮಾರುವವರ ವಾಟ್ಸಾಪ್ ಗುಂಪುಗಳಿಂದ ಹೊರಗೆ ಬನ್ನಿ, ಪುಟಗಳನ್ನು ಅನ್‌ಫಾಲೋ ಮಾಡಿ. ನೀವು ಹೆಚ್ಚು ಕೊಳ್ಳುವ ಒಂದೆರಡು ಮಾರಾಟಗಾರರ ನಂಬರನ್ನು ಬ್ಲಾಕ್ ಮಾಡಿ. ಮ್ಯೂಟ್ ಸಾಲದು, ಮ್ಯೂಟ್ ಮಾಡಿದ್ದನ್ನು ನೀವೇ ಹೋಗಿ ತೆರೆಯುತ್ತೀರಿ. ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿರುವ ಕಾರ್ಡ್, ಯುಪಿಐ ವಿವರ, ವಿಳಾಸ ಎಲ್ಲವನ್ನೂ ಅಳಿಸಿ, ಆಮೇಲೆ ಆ್ಯಪ್ ತೆಗೆಯಿರಿ. ಅಳಿಸದೆ ಬರೀ ಆ್ಯಪ್ ತೆಗೆದರೆ ಮತ್ತೆ ಹಾಕಿದಾಗ ಎಲ್ಲವೂ ಇದ್ದಲ್ಲೇ ಇರುತ್ತದೆ. ಮೊಬೈಲ್ ಚಾರ್ಜರ್ ಮಲಗುವ ಕೋಣೆಯಿಂದ ನಡುಮನೆಗೆ ಬರಲಿ.

ದುಡ್ಡಿನ ದಾರಿಯೇ ಎಲ್ಲಕ್ಕಿಂತ ಮುಖ್ಯ. ಸಂಬಳ ಬರುವ ಖಾತೆಯನ್ನು ಯುಪಿಐ ಆ್ಯಪ್‌ಗಳಿಂದ ತೆಗೆದುಹಾಕಿ. ಇನ್ನೊಂದು ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದು ಅದನ್ನು ಮಾತ್ರ ಯುಪಿಐಗೆ ಸೇರಿಸಿ. ಸಂಬಳದ ಖಾತೆಯಿಂದ ಆ ಖಾತೆಗೆ ಪ್ರತಿ ಸೋಮವಾರ 1,500 ರೂಪಾಯಿ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಶನಿವಾರ ಹಾಕಿಸಿದರೆ ಭಾನುವಾರದೊಳಗೆ ಖಾಲಿಯಾಗುತ್ತದೆ. ಸೋಮವಾರ ಬಂದದ್ದು ವಾರವಿಡೀ ಎಳೆಯುತ್ತದೆ. ಪಿನ್ ಕೇಳದೆ ಹಣ ಹೋಗುವ ಯುಪಿಐ ಲೈಟ್ ಬಂದ್ ಮಾಡಿ. ಸಂಬಳದ ಖಾತೆಯ ಡೆಬಿಟ್ ಕಾರ್ಡಿಗೆ ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲೇ ಆಫ್ ಮಾಡಬಹುದು. ರಿಸರ್ವ್ ಬ್ಯಾಂಕಿನ 2020ರ ಆದೇಶದಿಂದ ಈ ಸೌಲಭ್ಯ ಎಲ್ಲ ಬ್ಯಾಂಕುಗಳಲ್ಲೂ ಇದೆ. ಕಾರ್ಡನ್ನು ಯಜಮಾನರ ಕೈಗೋ ಅಕ್ಕತಂಗಿಯರ ಕೈಗೋ ಕೊಟ್ಟುಬಿಡಿ, ಏಕೆಂದರೆ ಖಾತೆಯನ್ನು ಮತ್ತೆ ಯುಪಿಐಗೆ ಸೇರಿಸಲು ಕಾರ್ಡ್ ನಂಬರೋ ಆಧಾರ್ ಒಟಿಪಿಯೋ ಬೇಕು. ಇದ್ಯಾವುದೂ ಒಡೆಯಲಾಗದ ಬೀಗವಲ್ಲ. ಮನಸ್ಸು ಮಾಡಿದರೆ ಕಾಲು ಗಂಟೆಯಲ್ಲಿ ಎಲ್ಲವನ್ನೂ ಮತ್ತೆ ತೆರೆಯಬಹುದು. ಆ ಕಾಲು ಗಂಟೆಯೇ ನಮಗೆ ಬೇಕಾದ್ದು. ಕೊಳ್ಳುವ ತವಕ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ತಾನಾಗಿಯೇ ಇಳಿಯುತ್ತದೆ.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಕ್ಯಾಶ್ ಆನ್ ಡೆಲಿವರಿಯಲ್ಲಿ. ಆನ್‌ಲೈನ್ ದಾರಿ ಮುಚ್ಚಿದ ಕೂಡಲೇ ಅದಕ್ಕೆ ತಿರುಗುತ್ತಾರೆ. ಪಕ್ಕದ ಮನೆಯವರಿಗೆ, ‘ಇನ್ನು ನನ್ನ ಹೆಸರಿನ ಪಾರ್ಸೆಲ್ ತೆಗೆದುಕೊಳ್ಳಬೇಡಿ’ ಎಂದು ಹೇಳಿಬಿಡಿ. ಕಾರಣ ಹೇಳಬೇಕಿಲ್ಲ.

ಬೇಕೆನಿಸಿದ ವಸ್ತುವನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು ಹಾಕಿ ಬರೆಯಿರಿ. 500 ರೂಪಾಯಿಯೊಳಗಿನದಕ್ಕೆ ಒಂದು ದಿನ, 5,000ದೊಳಗಿನದಕ್ಕೆ ಏಳು ದಿನ, ಅದಕ್ಕೂ ಮೀರಿದ್ದಕ್ಕೆ ಮೂವತ್ತು ದಿನ ಕಾಯಿರಿ. ಆಮೇಲೂ ಬೇಕೆನಿಸಿದರೆ, ವಾರದ ಹಣದಲ್ಲಿ ಕೂಡಿಟ್ಟು, ಅಂಗಡಿಗೇ ಹೋಗಿ ತನ್ನಿ. ಆ್ಯಪ್‌ನ ಕಾರ್ಟಿನಲ್ಲಿ ಹಾಕಿ ಕಾಯಬೇಡಿ. ‘ಬೆಲೆ ಇಳಿದಿದೆ’, ‘ಎರಡೇ ಉಳಿದಿವೆ’ ಎಂಬ ಸಂದೇಶಗಳು ಶುರುವಾಗುತ್ತವೆ.

ಒಂದು ತಿಂಗಳು ಹೀಗೆ ನಡೆದ ಮೇಲೆ ಒಂದು ಅಭ್ಯಾಸವಿದೆ. ನಂಬಿಕೆಯವರೊಬ್ಬರನ್ನು ಜೊತೆ ಮಾಡಿಕೊಂಡು, ಪರ್ಸಿನಲ್ಲಿ ಬಸ್ ಚಾರ್ಜಿಗಾಗುವಷ್ಟು ಮಾತ್ರ ಇಟ್ಟುಕೊಂಡು, ಮೊಬೈಲ್ ಮನೆಯಲ್ಲೇ ಬಿಟ್ಟು ದೇವರಾಜ ಅರಸ್ ರಸ್ತೆಗೆ ಹೋಗಿ. ಸೀರೆ ಅಂಗಡಿಯೊಂದರ ಮುಂದೆ ನಿಂತು ನೋಡಿ. ಆಸೆ ಹತ್ತಕ್ಕೆ ಎಷ್ಟೆಂದು ಐದು ನಿಮಿಷಕ್ಕೊಮ್ಮೆ ಹೇಳಿ. ಏಳೆಂಟಕ್ಕೆ ಏರಬಹುದು, ಎದೆ ಡವಡವ ಎನ್ನಬಹುದು. ಅಂಕಿ ಮೂರಕ್ಕೆ ಇಳಿಯುವ ತನಕ ಅಲ್ಲಿಂದ ಕದಲಬೇಡಿ. ಏರಿದಾಗಲೇ ಓಡಿಬಂದರೆ ಆ ತವಕ ಹಾಗೇ ಉಳಿಯುತ್ತದೆ. ವಾರಕ್ಕೊಮ್ಮೆಯಂತೆ ಆರೆಂಟು ಸಲ ಮಾಡಿದರೆ ಏರುವುದೇ ಕಡಿಮೆಯಾಗುತ್ತದೆ. ಮೊದಲ ತಿಂಗಳಲ್ಲಿ ಮಾತ್ರ ಇದನ್ನು ಮಾಡಬೇಡಿ, ಒಬ್ಬರೇ ಹೋಗಬೇಡಿ.

ಇನ್ನು ಯಜಮಾನರಿಗೆ ಹೇಳುವ ಮಾತು. ಹೇಳಲೇಬೇಕು. ಬಚ್ಚಿಡುವ ಆತಂಕವೇ ನಿಮ್ಮನ್ನು ರಾತ್ರಿ ಮೊಬೈಲಿಗೆ ದೂಡುತ್ತಿರುವ ಕಾರಣಗಳಲ್ಲಿ ಒಂದಿರಬಹುದು. ಬರಿಗೈಯಲ್ಲಿ ಹೋಗಿ ಅಳುವ ಬದಲು ಮೂರು ಅಂಕಿ ಬರೆದುಕೊಂಡು ಹೋಗಿ: ಒಟ್ಟು ಎಷ್ಟು ಖರ್ಚಾಗಿದೆ, ಎಷ್ಟು ಸಾಲವಿದೆ, ಈಗಾಗಲೇ ಏನೇನು ಮುಚ್ಚಿದ್ದೀರಿ. ಅರ್ಧ ಮಾತ್ರ ಹೇಳಬೇಡಿ. ಉಳಿದರ್ಧ ಆಮೇಲೆ ಗೊತ್ತಾದಾಗ ಆಗುವ ನೋವು ಮೊದಲನೆಯದಕ್ಕಿಂತ ದೊಡ್ಡದು. ಬೀರುವಿನ ಸೀರೆಗಳಲ್ಲಿ ಬಿಚ್ಚದವನ್ನು ಸಹೋದ್ಯೋಗಿಗಳಿಗೆ ಬಂದ ಬೆಲೆಗೆ ಕೊಟ್ಟು, ಆ ಹಣವನ್ನು ನೇರ ಸಾಲಕ್ಕೆ ಕಟ್ಟಿ.

ನಡುವೆ ಎಂದೋ ಒಂದು ಸಲ ಕೊಂಡೇ ಕೊಳ್ಳುತ್ತೀರಿ. ಅಂದು ನೋಟ್‌ಬುಕ್ಕಿನಲ್ಲಿ ಯಾವ ದಾರಿಯಿಂದ ದುಡ್ಡು ಹೋಯಿತು ಎಂದು ಬರೆದು ಆ ದಾರಿಯನ್ನು ಮುಚ್ಚಿ. ‘ಹೇಗೂ ಕೆಟ್ಟಿತು’ ಎಂದು ಅದೇ ವಾರ ಇನ್ನೂ ನಾಲ್ಕು ಕೊಳ್ಳುವುದೇ ನಿಜವಾದ ಅಪಾಯ.

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ 60,000 ರೂಪಾಯಿ ಬಾಕಿ ಇದೆ. ಮಿನಿಮಮ್ ಡ್ಯೂ (ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಒಂದು ತಿಂಗಳೂ ತಪ್ಪಿಸಿಲ್ಲ. ಆದರೂ ಬಾಕಿ ಕರಗುತ್ತಿಲ್ಲ. ಮನೆಯವಳ ಒಡವೆ ಬ್ಯಾಂಕಿನಲ್ಲಿಟ್ಟು ತೀರಿಸಿಬಿಡಲೇ? (ಶ್ರೀರಾಂಪುರ, ಮೈಸೂರು)

ಉತ್ತರ: ಲೆಕ್ಕ ನೋಡಿ. ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಂಡರೆ 60,000ಕ್ಕೆ 2,100 ರೂಪಾಯಿ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 378. ಒಟ್ಟು 2,478. ಮಿನಿಮಮ್ ಡ್ಯೂ ಶೇ 5 ಎಂದರೆ ನೀವು ಕಟ್ಟುವುದು 3,000. ಅಸಲಿಗೆ ಹೋದದ್ದು 522 ರೂಪಾಯಿ ಮಾತ್ರ. ಅದೇ ತಿಂಗಳು ಕಾರ್ಡಿನಲ್ಲಿ 2,000 ರೂಪಾಯಿಯ ದಿನಸಿ ತಂದಿದ್ದರೆ ಬಾಕಿ ಇಳಿಯುವುದಿರಲಿ, ಏರಿರುತ್ತದೆ. ಹಳೆಯ ಬಾಕಿ ಪೂರ್ತಿ ಕಟ್ಟದಿದ್ದವರಿಗೆ ಹೊಸ ಖರೀದಿಯ ಮೇಲೂ ಮೊದಲ ದಿನದಿಂದಲೇ ಬಡ್ಡಿ. ನಲವತ್ತೈವತ್ತು ದಿನದ ಬಡ್ಡಿರಹಿತ ಅವಧಿ ನಿಮಗಿಲ್ಲ. ಲೆಕ್ಕ ಹಾಕುವ ಕ್ರಮ ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬೇರೆ, ಫಲ ಇದೇ.

ಕಾರ್ಡ್ ಬಳಸುವುದನ್ನು ಪೂರ್ತಿ ನಿಲ್ಲಿಸಿ ತಿಂಗಳಿಗೆ 3,000ದಂತೆ ಕಟ್ಟಿದರೆ ತೀರಲು 44 ತಿಂಗಳು ಬೇಕು. ಒಟ್ಟು ಕಟ್ಟುವುದು ಸುಮಾರು 1.30 ಲಕ್ಷ. 8,000ದಂತೆ ಕಟ್ಟಿದರೆ ಹತ್ತನೇ ತಿಂಗಳಿಗೆ ಮುಗಿಯುತ್ತದೆ, ಒಟ್ಟು 73,000 ಚಿಲ್ಲರೆ. ಎರಡಕ್ಕೂ ನಡುವಿನ ವ್ಯತ್ಯಾಸ 55,000ಕ್ಕೂ ಹೆಚ್ಚು.

ಒಡವೆ ಇಟ್ಟು ತೀರಿಸುವುದು ಬಡ್ಡಿಯ ಲೆಕ್ಕದಲ್ಲಿ ಸರಿಯೇ. ಬ್ಯಾಂಕಿನ ಚಿನ್ನದ ಸಾಲಕ್ಕೆ ಬಡ್ಡಿ ಕಾರ್ಡಿನದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಬೀಳಬಹುದು. ಆದರೆ ಕೆಡುವುದು ಆಮೇಲೆ. ಕಾರ್ಡ್ ಖಾಲಿಯಾದ ಕೂಡಲೇ ಲಿಮಿಟ್ ಪೂರ್ತಿ ತೆರೆದುಕೊಳ್ಳುತ್ತದೆ. ಆರು ತಿಂಗಳಲ್ಲಿ ಕಾರ್ಡಿನ ಸಾಲ ಮತ್ತೆ 40,000, ಒಡವೆ ಇನ್ನೂ ಬ್ಯಾಂಕಿನಲ್ಲೇ. ಆದ್ದರಿಂದ ಹಣ ಕಟ್ಟಿದ ದಿನವೇ ಕಾರ್ಡ್ ಮುಚ್ಚಲು ಅರ್ಜಿ ಕೊಡಿ. ಬಾಕಿ ಇಲ್ಲದ ಕಾರ್ಡನ್ನು ಅರ್ಜಿ ಬಂದ ಏಳು ಕೆಲಸದ ದಿನದೊಳಗೆ ಬ್ಯಾಂಕ್ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ‘ಲಿಮಿಟ್ ಹೆಚ್ಚಿಸಿಕೊಡುತ್ತೇವೆ ಸರ್, ಮುಚ್ಚಬೇಡಿ’ ಎಂದು ಫೋನ್ ಬರುತ್ತದೆ. ಬೇಡ ಎಂದು ಹೇಳಿ ಇಡಿ, ಕಾರಣ ವಿವರಿಸುತ್ತಾ ಕೂರಬೇಡಿ. ಒಡವೆ ಇಡುವ ಮುಂಚೆ ಬಾಕಿಯನ್ನು ಇಎಂಐಗೆ ಬದಲಿಸಲು ಅದೇ ಬ್ಯಾಂಕನ್ನು ಕೇಳಿ ನೋಡಿ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಅವಧಿಗೆ ಮುನ್ನ ತೀರಿಸಿದರೆ ಬೀಳುವ ಶುಲ್ಕ ಮೂರನ್ನೂ ಬರಹದಲ್ಲಿ ಪಡೆದು ಹೋಲಿಸಿ. ಮತ್ತೊಂದು ಮಾತು, ಒಡವೆ ಮನೆಯವರದು. ಅವರ ಮುಂದೆ ಸ್ಟೇಟ್‌ಮೆಂಟ್ ಇಟ್ಟು ಕೇಳಿ.

ಪ್ರಶ್ನೆ: ಖರ್ಚು ಬರೆಯಲು ಮೊಬೈಲ್ ಆ್ಯಪ್ ಒಳ್ಳೆಯದೋ, ಪುಸ್ತಕವೋ? (ವಿದ್ಯಾನಗರ, ಮಂಡ್ಯ)

ಉತ್ತರ: ಮೊಬೈಲಿನಲ್ಲೇ ಕೊಳ್ಳುವ ಅಭ್ಯಾಸವಿರುವವರಿಗೆ ಪುಸ್ತಕ. ಖರ್ಚು ಬರೆಯಲೆಂದು ಮೊಬೈಲ್ ತೆಗೆದವರು ಅಲ್ಲಿಂದ ಬೇರೆಡೆಗೆ ಹೋಗುವುದು ಸುಲಭ. ದಿನಸಿ, ತರಕಾರಿ, ಪೆಟ್ರೋಲಿನಂಥ ಕೈಖರ್ಚಿಗೆ ವಾರದ ನಗದನ್ನು ಬೇರೆ ಬೇರೆ ಕವರಿನಲ್ಲಿಟ್ಟರೆ ಬರೆಯುವ ಕೆಲಸವೂ ಕಡಿಮೆ. ಒಂದು ಕವರ್ ಖಾಲಿಯಾದರೆ ಇನ್ನೊಂದರಿಂದ ತೆಗೆಯಬಹುದು, ಎಟಿಎಂಗೆ ಹೋಗಬಾರದು.

ಪ್ರಶ್ನೆ: ನಮ್ಮದು ಎರಡು ಎಕರೆ ಕಬ್ಬು. ಕಾರ್ಖಾನೆಯಿಂದ ಬಿಲ್ಲಿನ ದುಡ್ಡು ಬಂದ ತಿಂಗಳು ನಮ್ಮೆಜಮಾನ್ರ ಕೈ ಹಿಡಿಯೋರಿಲ್ಲ. ಸ್ನೇಹಿತರಿಗೆ ಡಾಬಾ, ಹೊಸ ಮೊಬೈಲು, ಗಾಡಿಗೆ ಏನೇನೋ ಹಾಕಿಸೋದು, ಕೇಳಿದವರಿಗೆಲ್ಲ ಕೈಸಾಲ. ಎರಡೇ ತಿಂಗಳಿಗೆ ಖಾಲಿ. ಆಮೇಲೆ ಗೊಬ್ಬರಕ್ಕೂ ಬಡ್ಡಿ ದುಡ್ಡು ತರ್ತಾರೆ. ಕುಡಿಯೋರಲ್ಲ, ಕೆಟ್ಟವರಲ್ಲ. ಏನು ಮಾಡಲಿ? (ಮದ್ದೂರು ತಾಲ್ಲೂಕು)

ಉತ್ತರ: ಅಮ್ಮಾ, ನಿಮ್ಮ ಯಜಮಾನರ ತೊಂದರೆಯಲ್ಲಿ ಅರ್ಧ ಸ್ವಭಾವದ್ದು, ಅರ್ಧ ದುಡ್ಡು ಬರುವ ರೀತಿಯದ್ದು. ವರ್ಷವಿಡೀ ಕೈ ಬಿಗಿಹಿಡಿದು ಬದುಕಿದವರ ಖಾತೆಗೆ ಒಂದು ದಿನ ಲಕ್ಷಗಟ್ಟಲೆ ಬಂದರೆ, ಊರ ಮುಂದೆ ತಲೆಯೆತ್ತಿ ಓಡಾಡುವ ಅವಕಾಶ ಅದೊಂದೇ ತಿಂಗಳು ಎನಿಸುತ್ತದೆ. ಬೈದರೆ ಹಟ ಹೆಚ್ಚುತ್ತದೆ. ಬಿಲ್ಲು ಬರುವ ಮೊದಲೇ, ಕಬ್ಬು ಕಡಿಯುವಾಗಲೇ, ಇಬ್ಬರೂ ಕೂತು ಹಂಚಿಕೆ ಬರೆಯಬೇಕು. ದುಡ್ಡು ಬಂದ ಮೇಲೆ ಆ ಮಾತು ನಡೆಯುವುದಿಲ್ಲ.

ಬರುವುದು 4 ಲಕ್ಷ ಎಂದಿಟ್ಟುಕೊಳ್ಳಿ. ಸೊಸೈಟಿಯ ಬೆಳೆಸಾಲಕ್ಕೆ 1,20,000. ಇದು ಮೊದಲು ಹೋಗಲಿ. ಸಹಕಾರ ಸಂಘದ ಸಾಲಕ್ಕೆ ಬಡ್ಡಿ ಇಲ್ಲ ಎಂಬುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ, ಗಡುವು ತಪ್ಪಿದರೆ ಆ ಅನುಕೂಲ ಹೋಗುತ್ತದೆ. ಕೂಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ಬೇಕಾದ ಗೊಬ್ಬರ, ಆಳಿನ ಖರ್ಚಿಗೆ 60,000. ಮಕ್ಕಳ ಫೀಸು, ಹಬ್ಬಕ್ಕೆ 30,000. ಯಜಮಾನರ ಕೈಗೆ, ಯಾರೂ ಲೆಕ್ಕ ಕೇಳದಂತೆ, 10,000. ಈ ಹತ್ತು ಸಾವಿರವನ್ನು ಉಳಿಸಲು ಹೋಗಬೇಡಿ. ಇದಿಲ್ಲದಿದ್ದರೆ ಉಳಿದ ಹಂಚಿಕೆ ನಿಲ್ಲುವುದಿಲ್ಲ. ಮಿಕ್ಕ 1,80,000 ಮನೆಖರ್ಚಿಗೆ.

ಈ 1,80,000ವನ್ನು ಒಂದೇ ಡಿಪಾಸಿಟ್ ಮಾಡಬೇಡಿ. 15,000ದ ಹನ್ನೆರಡು ಭಾಗ ಮಾಡಿ, ಮೊದಲನೆಯದನ್ನು ಕೈಯಲ್ಲಿಟ್ಟುಕೊಂಡು ಉಳಿದ ಹನ್ನೊಂದನ್ನು ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಮೂರು ತಿಂಗಳಿಗೆ ಹೀಗೆ ಅವಧಿ ಏರಿಸುತ್ತಾ ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ತಿಂಗಳಿಗೊಂದು ಪಕ್ವವಾಗಿ ಸಂಬಳದ ಹಾಗೆ ಕೈಗೆ ಬರುತ್ತದೆ. ಇಡುವಾಗ ಫಾರಂನಲ್ಲಿ ಒಂದು ಕಡೆ ಎಚ್ಚರ ಬೇಕು. ಜಂಟಿ ಹೆಸರಿದ್ದರೂ ‘ಐದರ್ ಆರ್ ಸರ್ವೈವರ್’ ಎಂದು ಗುರುತು ಹಾಕಿದರೆ ಕೆಲವು ಬ್ಯಾಂಕುಗಳಲ್ಲಿ ಯಜಮಾನರೊಬ್ಬರೇ ಬಂದು ಮುರಿಸಲು ದಾರಿಯಿರುತ್ತದೆ. ‘ಜಾಯಿಂಟ್ಲಿ’, ಅಂದರೆ ಇಬ್ಬರ ಸಹಿಯೂ ಬೇಕು ಎಂಬುದಕ್ಕೆ ಗುರುತು ಹಾಕಿಸಿ. ಅಂಚೆ ಕಚೇರಿಯಲ್ಲಿ ಇದೇ ವ್ಯತ್ಯಾಸಕ್ಕೆ ಜಾಯಿಂಟ್ ‘ಎ’, ಜಾಯಿಂಟ್ ‘ಬಿ’ ಎನ್ನುತ್ತಾರೆ; ನಿಮಗೆ ಬೇಕಾದ್ದು ‘ಎ’. ಅಂಚೆಯ ಟೈಮ್ ಡಿಪಾಸಿಟ್ ಒಂದು ವರ್ಷಕ್ಕಿಂತ ಕಡಿಮೆಗೆ ಇಲ್ಲ, ಆರು ತಿಂಗಳೊಳಗೆ ಮುರಿಯಲೂ ಬರುವುದಿಲ್ಲ. ಆದ್ದರಿಂದ ಮುಂದಿನ ವರ್ಷಕ್ಕೆಂದು ತೆಗೆದಿಡುವುದಕ್ಕೆ ಮಾತ್ರ ಅದು ಸರಿ. ಮೊಬೈಲ್ ಆ್ಯಪ್‌ನಲ್ಲಿ ಎಫ್‌ಡಿ ಇಡಬೇಡಿ, ಇಟ್ಟಷ್ಟೇ ಸಲೀಸಾಗಿ ಅಲ್ಲೇ ಮುರಿಯಬಹುದು. ಶಾಖೆಗೆ ಹೋಗಿ ಬಾಂಡ್ ತನ್ನಿ.

ಕೈಸಾಲ ಕೇಳಿಕೊಂಡು ಬರುವವರಿಗೆ ಇಲ್ಲ ಎನ್ನುವುದು ಅವರಿಗೆ ಕಷ್ಟ. ‘ಡಿಪಾಸಿಟ್ ಆಗೋಗಿದೆ, ನಮ್ಮನೆಯವಳ ಸಹಿ ಬೇಕು’ ಎನ್ನುವುದು ಸುಲಭ. ಆ ನೆಪ ಅವರಿಗೆ ಸಿಗಲಿ, ನಿಮಗೆ ಸ್ವಲ್ಪ ಕೆಟ್ಟ ಹೆಸರು ಬಂದರೂ ಬರಲಿ.

ಒಮ್ಮೆ ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ರಾತ್ರಿ ಹೊತ್ತು ಒಂದೇ ಹೆಸರಿಗೆ ಮತ್ತೆ ಮತ್ತೆ 500, 1,000, 2,000 ಹೋಗಿದ್ದರೆ ಅದು ಡಾಬಾ ಖರ್ಚಲ್ಲ, ಮೊಬೈಲ್ ಜೂಜಾಗಿರಬಹುದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದಿದ್ದರೂ ಕಳ್ಳದಾರಿಗಳು ಮುಚ್ಚಿಲ್ಲ. ಹಾಗಿದ್ದರೆ ಹಂಚಿಕೆಯ ಜೊತೆಗೆ ಚಿಕಿತ್ಸೆಯೂ ಬೇಕು. ಮಂಡ್ಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ.

ಪ್ರಶ್ನೆ: ಅಪ್ಪನಿಗೆ 64 ವರ್ಷ, ನಿವೃತ್ತ ಉಪನ್ಯಾಸಕರು. ಜೀವನಪೂರ್ತಿ ಪೈಸೆ ಪೈಸೆ ಲೆಕ್ಕ ಇಟ್ಟವರು. ಎರಡು ವರ್ಷದಿಂದ ಪಾರ್ಕಿನ್ಸನ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈ ಎಂಟು ತಿಂಗಳಲ್ಲಿ ಗಡಿಯಾರ, ಟಾರ್ಚ್, ಡ್ರಿಲ್ಲಿಂಗ್ ಮೆಷಿನ್ ಎಂದು ತರಿಸಿದ್ದೇ ತರಿಸಿದ್ದು. ಪಿಂಚಣಿ ಸಾಲದೆ ಡಿಪಾಸಿಟ್ ಮುರಿದಿದ್ದಾರೆ. ವಯಸ್ಸಿನ ಅರಳುಮರಳೇ? (ಸರಸ್ವತಿಪುರಂ, ಮೈಸೂರು)

ಉತ್ತರ: ಈ ಪತ್ರವನ್ನು ನಾವು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡೆವು. ಅರಳುಮರಳು ಎಂದು ಬಿಡಬೇಡಿ. ಇದೇ ವಾರ ಅಪ್ಪನ ನರರೋಗ ವೈದ್ಯರನ್ನು ಕಾಣಿ. ಪಾರ್ಕಿನ್ಸನ್‌ಗೆ ಕೊಡುವ ಕೆಲವು ಮಾತ್ರೆಗಳಿಗೆ, ಅದರಲ್ಲೂ ಪ್ರಮಿಪೆಕ್ಸೋಲ್, ರೊಪಿನಿರೋಲ್‌ಗಳಿಗೆ, ಕೊಳ್ಳುವ, ಜೂಜಾಡುವ, ಅತಿಯಾಗಿ ತಿನ್ನುವ ತಡೆಯಲಾಗದ ಆಸೆ ಹುಟ್ಟಿಸುವ ಅಡ್ಡಪರಿಣಾಮ ಇರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿದೆ. ಈ ಮಾತ್ರೆಗಳು ಮಿದುಳಿನಲ್ಲಿ ಡೋಪಮೈನ್ ಕೆಲಸವನ್ನು ಮಾಡುತ್ತವೆ. ಕೈಕಾಲಿನ ಚಲನೆಗೆ ಬೇಕಾದ ಆ ರಾಸಾಯನಿಕವೇ ‘ಇನ್ನೂ ಬೇಕು’ ಎಂಬ ಆಸೆಗೂ ಸಂಬಂಧಿಸಿದ್ದು. ಮೂರು ಸಾವಿರಕ್ಕೂ ಹೆಚ್ಚು ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಕೊಳ್ಳುವ ಗೀಳು ಕಂಡುಬಂದಿತ್ತು.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಆತಂಕ, ಬೆವರು, ಮೈನೋವು, ಖಿನ್ನತೆ ಕಾಣಿಸಿಕೊಳ್ಳಬಹುದು, ನಡಿಗೆಯೂ ಕಟ್ಟಬಹುದು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಹೋಗುವಾಗ ಎರಡು ಕಾಗದ ಒಯ್ಯಿರಿ: ಯಾವ ಮಾತ್ರೆ ಯಾವ ತಾರೀಖಿನಿಂದ ಎಷ್ಟು ಮಿಲಿಗ್ರಾಂ ಎಂಬ ಪಟ್ಟಿ ಒಂದು, ಯಾವ ತಿಂಗಳು ಎಷ್ಟು ಖರ್ಚು ಎಂಬ ಪಟ್ಟಿ ಇನ್ನೊಂದು. ಪ್ರಮಾಣ ಏರಿಸಿದ ಮೇಲೆ ಖರ್ಚು ಏರಿದ್ದರೆ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಅಪ್ಪನ ಎದುರಿಗೆ ಇದನ್ನು ಹೇಳಲು ಮುಜುಗರವಾದರೆ ಮುಂಚೆಯೇ ಚೀಟಿ ಬರೆದು ವೈದ್ಯರಿಗೆ ತಲುಪಿಸಿ. ಅಪ್ಪನಿಗೂ ಹೇಳಿ, ಇದು ಮಾತ್ರೆಯಿಂದ ಬಂದದ್ದು, ನಿಮ್ಮ ತಪ್ಪಲ್ಲ ಎಂದು. ಲೆಕ್ಕ ಇಟ್ಟು ಬಾಳಿದವರಿಗೆ ತಮ್ಮ ಕೈ ತಮ್ಮ ಮಾತು ಕೇಳದಿರುವುದು ಒಳಗೊಳಗೇ ತುಂಬ ನಾಚಿಕೆ ತರುತ್ತದೆ.

ಬೇರೆ ಓದುಗರಿಗೂ ಒಂದು ಮಾತು. ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಮಾತ್ರೆಗೂ ಇಂಥ ಎಚ್ಚರಿಕೆ ಇದೆ. ಮಾತ್ರೆಯೇ ಇಲ್ಲದೆ, ಇದ್ದಕ್ಕಿದ್ದ ಹಾಗೆ ಕೆಲವು ದಿನ ನಿದ್ದೆ ಬೇಡವಾಗಿ, ಮಾತು ವೇಗವಾಗಿ, ದೊಡ್ಡ ದೊಡ್ಡ ಯೋಜನೆ ಹೇಳುತ್ತಾ ದುಡ್ಡು ಚೆಲ್ಲುವವರಿದ್ದರೆ ಅದು ಬೈಪೋಲಾರ್ ಕಾಯಿಲೆಯ ಏರುಹಂತವಿರಬಹುದು. ನೋಟ್‌ಬುಕ್ಕು, ಕವರುಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಇರುತ್ತದೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಪ್ರಶ್ನೆ: ವಯಸ್ಸು 24, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಕೈಗೆ 19,000 ಬರುತ್ತದೆ. ಶೂ, ಇಯರ್‌ಫೋನ್, ಫುಡ್ ಆರ್ಡರ್ ಎಂದು ಶುರುವಾಗಿ ಈಗ ಐದು ಆ್ಯಪ್‌ಗಳಲ್ಲಿ ಸಾಲ. ಒಂದರಿಂದ ತೆಗೆದು ಇನ್ನೊಂದಕ್ಕೆ ಕಟ್ಟುತ್ತಿದ್ದೇನೆ. ವಸೂಲಿಯವರು ಅಮ್ಮನಿಗೆ ಫೋನ್ ಮಾಡುತ್ತಾರಂತೆ. (ಮೈಸೂರು)

ಉತ್ತರ: ಇವತ್ತಿನಿಂದ ಆರನೇ ಸಾಲ ಇಲ್ಲ. ಕಂತು ತಪ್ಪಿದರೂ ಪರವಾಗಿಲ್ಲ, ಹೊಸ ಸಾಲ ತಂದು ಹಳೆಯದಕ್ಕೆ ಕಟ್ಟಬೇಡಪ್ಪ. ಪ್ರತಿ ಸಲವೂ ಪ್ರೊಸೆಸಿಂಗ್ ಶುಲ್ಕ ಮೊದಲೇ ಕಡಿದುಕೊಂಡು ಕೊಡುತ್ತಾರೆ, 5,000ಕ್ಕೆ ಸಹಿ ಹಾಕಿ 4,300 ಕೈಗೆ ಬಂದರೆ ಆ 700 ರೂಪಾಯಿಗೂ ಬಡ್ಡಿ ಬೀಳುತ್ತದೆ.

ಒಂದು ಹಾಳೆಯಲ್ಲಿ ಐದೂ ಸಾಲದ ಅಸಲು, ಬಡ್ಡಿ, ಕಂತು, ತಾರೀಖು, ಸಾಲ ಕೊಟ್ಟ ಕಂಪನಿಯ ಹೆಸರು ಬರೆ. ಆ್ಯಪ್‌ನ ಹೆಸರು ಬೇರೆ, ಹಿಂದೆ ನಿಂತು ಸಾಲ ಕೊಟ್ಟ ಬ್ಯಾಂಕೋ ಫೈನಾನ್ಸ್ ಕಂಪನಿಯೋ ಬೇರೆ. ಆ ಹೆಸರು ಸಾಲದ ಪತ್ರದಲ್ಲಿ ಇರಲೇಬೇಕು. ಹೆಸರೇ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿರುವ ಆ್ಯಪ್‌ಗಳ ಪಟ್ಟಿಯಲ್ಲೂ ಇಲ್ಲದಿದ್ದರೆ, ಅದು ಅನಧಿಕೃತ ಎಂದು ತಿಳಿ. ನೋಂದಾಯಿತ ಕಂಪನಿಗೆ ಮಿಂಚಂಚೆ ಬರೆದು ಕಂತು ಚಿಕ್ಕದು ಮಾಡಿ ಅವಧಿ ಹೆಚ್ಚಿಸಿಕೊಡಲು ಕೇಳು. ಬರಹದಲ್ಲೇ ಕೇಳು, ಫೋನಿನಲ್ಲಿ ಒಪ್ಪಿದ್ದಕ್ಕೆ ದಾಖಲೆ ಇರುವುದಿಲ್ಲ.

ಯಾವುದನ್ನು ಮೊದಲು ತೀರಿಸಬೇಕು? ಲೆಕ್ಕದ ಪ್ರಕಾರ ಹೆಚ್ಚು ಬಡ್ಡಿಯದು. ಆದರೆ ಐದೂ ಹೆಚ್ಚುಕಡಿಮೆ ಒಂದೇ ಬಡ್ಡಿಯವಾದರೆ ಚಿಕ್ಕ ಸಾಲವನ್ನು ಮೊದಲು ಮುಗಿಸು. ಎರಡು ತಿಂಗಳಲ್ಲಿ ಐದು ನಾಲ್ಕಾದರೆ, ದಿನಕ್ಕೆ ಬರುವ ಫೋನುಗಳೂ ಕಡಿಮೆಯಾಗುತ್ತವೆ, ತಲೆ ಕೆಲಸ ಮಾಡತೊಡಗುತ್ತದೆ. ಮುಗಿದ ದಿನ ಸಾಲ ತೀರಿದ ಪತ್ರ ತೆಗೆದುಕೊಂಡು, ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ಅವರ ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಹಣ ಹೋಗಲು ಕೊಟ್ಟ ಒಪ್ಪಿಗೆ) ರದ್ದು ಮಾಡು. ಅದೇ ಪಟ್ಟಿಯಲ್ಲಿ ಮರೆತುಹೋದ ಓಟಿಟಿ ಚಂದಾಗಳೂ ಸಿಗುತ್ತವೆ, ಅವನ್ನೂ ತೆಗೆ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಸಾಲದ ಆ್ಯಪ್‌ಗಳು ನಿನ್ನ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೋಗಳನ್ನು ಮುಟ್ಟುವಂತಿಲ್ಲ. ಕರೆ ಬಂದ ವೇಳೆ, ನಂಬರ್, ಸಂದೇಶ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೊದಲು ಕಂಪನಿಗೇ ದೂರು ಕೊಡು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ದೂರಬಹುದು, ಮಾಹಿತಿಗೆ 14448. ಫೋಟೋ ತಿರುಚಿ ಬೆದರಿಸಿದರೆ ಕಾಯಬೇಡ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಠಾಣೆಗೂ ಹೋಗು. ಬಲವಂತದ ಸಾಲ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ಕಾನೂನನ್ನೇ ಮಾಡಿದೆ. ಅಮ್ಮನಿಗೆ ವಸೂಲಿಯವರಿಂದ ಗೊತ್ತಾದದ್ದು ಅರ್ಧ. ಪೂರ್ತಿ ಹಾಳೆಯನ್ನು ನೀನೇ ಅವರ ಮುಂದೆ ಇಡು. ರಾತ್ರಿ ಬದುಕೇ ಬೇಡ ಎನಿಸಿದರೆ ಬೆಳಗಾಗುವ ತನಕ ಕಾಯದೆ 14416ಕ್ಕೆ ಕರೆ ಮಾಡು. ಐದು ಆ್ಯಪ್‌ನ ಸಾಲ ತೀರಿಸಲಾಗದ ಸಾಲವಲ್ಲ.

ಪ್ರಶ್ನೆ: ಬಟ್ಟೆಬರೆಯ ಮೇಲೆ ಖರ್ಚು ಮಾಡುವುದು ಬಿಟ್ಟು ನನ್ನ ತಂಗಿ ಈಗ ಅಶೋಕ ರಸ್ತೆಯಲ್ಲಿ ತಿಂಗಳಿಗೊಂದು ಸಣ್ಣ ಒಡವೆ ಕೊಳ್ಳುತ್ತಿದ್ದಾಳೆ. ಚಿನ್ನ ಉಳಿತಾಯವೇ ಅಲ್ಲವೇ ಅನ್ನುತ್ತಾಳೆ. (ನಂಜುಮಳಿಗೆ, ಮೈಸೂರು)

ಉತ್ತರ: ಕೊಳ್ಳುವ ಚಟ ಜಾಗ ಬದಲಿಸಿದೆಯೋ ಇಲ್ಲವೋ ಎಂದು ನೋಡಲು ಎರಡು ಪ್ರಶ್ನೆ ಕೇಳಿ. ಈ ಒಡವೆ ಸಾಲದಲ್ಲಿ ಬರುತ್ತಿದೆಯೇ? ಬಿಲ್ಲನ್ನು ಮನೆಯವರಿಗೆ ತೋರಿಸುತ್ತಾರೆಯೇ? ಸಾಲವಿಲ್ಲ, ಮುಚ್ಚುಮರೆಯಿಲ್ಲ ಎಂದರೆ ಅವರ ಪಾಡಿಗೆ ಬಿಡಿ. ಆದರೂ ಲೆಕ್ಕ ತಿಳಿದಿರಲಿ. 20,000 ರೂಪಾಯಿಯ ಚಿನ್ನಕ್ಕೆ ಶೇ 15 ಮೇಕಿಂಗ್, ವೇಸ್ಟೇಜ್ ಸೇರಿದರೆ 3,000, ಒಟ್ಟು 23,000ದ ಮೇಲೆ ಶೇ 3 ಜಿಎಸ್‌ಟಿ 690. ನಾಳೆ ಮಾರಲು ಹೋದರೆ ಈ 3,690 ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ಒಡವೆಗೆ ಕುಸುರಿ ಹೆಚ್ಚಿದ್ದರೆ ಮೇಕಿಂಗ್ ಇನ್ನೂ ಹೆಚ್ಚು. ಉಳಿತಾಯವೇ ಉದ್ದೇಶವಾದರೆ ಅದೇ ಹಣವನ್ನು ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿ, ವರ್ಷಕ್ಕೊಮ್ಮೆ ಹಾಲ್‌ಮಾರ್ಕ್ ಇರುವ ಕುಸುರಿಯಿಲ್ಲದ ಒಂದು ಬಳೆಯೋ ನಾಣ್ಯವೋ ಕೊಳ್ಳಲಿ. ತಿಂಗಳಿಗೊಮ್ಮೆ ಅಂಗಡಿಗೆ ಹೋಗುವುದು ತಪ್ಪುತ್ತದೆ ಎಂದು ತಂಗಿ ಇದಕ್ಕೆ ಒಪ್ಪದಿದ್ದರೆ, ಈ ಅಂಕಣದ ಮೊದಲ ಪತ್ರಕ್ಕೆ ಕೊಟ್ಟ ಉತ್ತರವನ್ನು ಅವರಿಗೆ ಓದಲು ಕೊಡಿ.